ಕೃತಕ ಬುದ್ಧಿಮತ್ತೆಯೂ ಕನ್ನಡ ಶಾಲೆಯ ಮಾಸ್ತರರೂ

ಕೃತಕ ಬುದ್ಧಿಮತ್ತೆಯನ್ನು ಕುರಿತು ಪಾಠ ಹೇಳಬೇಕಾದರೆ ಗಣಕಶಾಸ್ತ್ರದಲ್ಲಿ ಪಾರಂಗತರಾಗಿರಬೇಕೆಂಬ ಭಾವನೆ ನಮ್ಮ ಶಿಕ್ಷಕವರ್ಗದಲ್ಲಿ ಬೇರೂರಿದೆ. ಹುಬ್ಬಳ್ಳಿಯ ಕಮರಿಪೇಟೆಯಂತಹ ಹಳೆಯ ಓಣಿಗಳ ಮಕ್ಕಳಿಗೆ ಕನ್ನಡವನ್ನೋ ಇತಿಹಾಸವನ್ನೋ ಕಲಿಸುವ ಮಾಸ್ತರರು ಈ ವಿಷಯವನ್ನು ಮುಟ್ಟಲು ಅಂಜುವುದು ಅದರಿಂದಲೇ. ಆದರೆ 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದಂದಿನಿಂದ ವಿದ್ಯಾರ್ಥಿಗಳು ಯಾರ ಅಪ್ಪಣೆಗೂ ಕಾದಿಲ್ಲ. ಇನ್ನು ಗುರುಗಳು ತಜ್ಞರಿಗಾಗಿ ಕಾಯುತ್ತ ಕುಳಿತರೆ ಮಕ್ಕಳು ಆ ಯಂತ್ರವನ್ನೇ ಗುರುವೆಂದು ಭಾವಿಸುವುದು ನಿಶ್ಚಯ.

ಅಪಾರ ಲಿಖಿತ ಸಾಮಗ್ರಿಯಿಂದ ಪಳಗಿಸಿದ ಈ ಯಂತ್ರವು, ಒಂದು ಪದದ ಮುಂದೆ ಯಾವ ಪದ ಬರುವ ಸಂಭವ ಹೆಚ್ಚೆಂಬುದನ್ನು ಗಣಿಸುತ್ತ ವಾಕ್ಯವನ್ನು ಕಟ್ಟುತ್ತದೆ. ಮಾಸ್ತರರು ಮೊದಲು ತಿಳಿದಿರಬೇಕಾದದ್ದು ಇಷ್ಟೇ. ಉಳಿದದ್ದನ್ನು ಊರೇ ಕಲಿಸೀತು. ಉದಾಹರಣೆಗೆ, ಹುಬ್ಬಳ್ಳಿ ರೈಲು ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ 2023ರ ಮಾರ್ಚಿನಲ್ಲಿ ಉದ್ಘಾಟನೆಗೊಳ್ಳುವವರೆಗೆ, ಜಗತ್ತಿನಲ್ಲೇ ಅತಿ ಉದ್ದವಾದುದೆಂಬ ಕೀರ್ತಿ ಗೋರಖಪುರದ್ದಾಗಿತ್ತು. ಅದಕ್ಕಿಂತ ಹಿಂದಿನ ಬರಹಗಳನ್ನಷ್ಟೇ ಓದಿದ ಯಂತ್ರವು ಇಂದಿಗೂ ಗೋರಖಪುರದ ಹೆಸರನ್ನೇ ನಿಸ್ಸಂಕೋಚವಾಗಿ ಹೇಳೀತು. ಆ ಉತ್ತರವನ್ನು ಕರಿಹಲಗೆಯ ಮೇಲೆ ಬರೆದು, "ಇದನ್ನು ಯಾರು, ಯಾವಾಗ ಬರೆದಿದ್ದರು?" ಎಂದು ಕೇಳಿದರೆ, ತಮ್ಮೂರಿನ ನಿಲ್ದಾಣವನ್ನು ಕಣ್ಣಾರೆ ಕಂಡ ಮಕ್ಕಳು ಯಂತ್ರದ ಜ್ಞಾನಕ್ಕೂ ಒಂದು ಕಾಲಮಿತಿ ಉಂಟೆಂಬುದನ್ನು ತಾವಾಗಿಯೇ ಗ್ರಹಿಸುವರು.

ಕಮರಿಪೇಟೆಯಲ್ಲಿ ಇದಕ್ಕೂ ಮಿಗಿಲಾದ ಪಾಠವೊಂದಿದೆ. ಇಲ್ಲಿ ಬಹುಕಾಲದಿಂದ ನೆಲೆಸಿರುವ ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ (ಎಸ್‌ಎಸ್‌ಕೆ) ಸಮಾಜದವರ ಮನೆಮಾತು ಬಾಯಿಂದ ಬಾಯಿಗೆ ಉಳಿದು ಬಂದದ್ದು. ಬರಹದಲ್ಲಿ ಅದು ತೀರ ವಿರಳ. ಅಜ್ಜಿಯಿಂದ ಕೇಳಿದ ಮಾತನ್ನು ಆ ಮನೆಯ ಹುಡುಗಿಯೊಬ್ಬಳು ಕನ್ನಡ ಲಿಪಿಯಲ್ಲಿ ಬರೆದು ಅರ್ಥ ಕೇಳಲಿ: ಓದಲು ಸಾಮಗ್ರಿಯೇ ದೊರೆಯದ ಕಡೆಯಲ್ಲಿ ಯಂತ್ರವು ಊಹೆಯನ್ನೂ ಸತ್ಯದ ಧಾಟಿಯಲ್ಲಿಯೇ ನುಡಿಯಬಲ್ಲುದೆಂಬುದು ಅವಳಿಗೆ ತಿಳಿದೀತು. ಆ ತರಗತಿಯಲ್ಲಿ ತಜ್ಞೆ ಅವಳೇ. ಮಾಸ್ತರರು "ನನಗೂ ತಿಳಿಯದು, ನೀನೇ ಹೇಳವ್ವಾ" ಎಂದರೆ ಅವರ ಗೌರವಕ್ಕೆ ಕುಂದಿಲ್ಲ.

ಕೇಳಿದ್ದನ್ನು ಪ್ರಮಾಣಕ್ಕೆ ಒಡ್ಡುವುದು ಇತಿಹಾಸದ ಅಧ್ಯಾಪಕರ ನಿತ್ಯದ ಕಸುಬು, ಅರ್ಥವನ್ನು ಸಂದರ್ಭದಲ್ಲಿಟ್ಟು ಪರೀಕ್ಷಿಸುವುದು ಭಾಷಾಧ್ಯಾಪಕರದು; ಯಂತ್ರದ ಉತ್ತರಕ್ಕೂ ಬೇಕಾದದ್ದು ಇವೇ. ಸಿಬಿಎಸ್‌ಇ ಶಾಲೆಗಳಲ್ಲಿ ಕೃತಕ ಬುದ್ಧಿಮತ್ತೆ 2019ರಲ್ಲೇ ಐಚ್ಛಿಕ ವಿಷಯವಾಗಿ ಪ್ರವೇಶ ಪಡೆದಿದೆ. ನಮ್ಮ ಕನ್ನಡ ಶಾಲೆಗಳ ಮುಖ್ಯೋಪಾಧ್ಯಾಯರು ಹೊಸ ಪಠ್ಯಪುಸ್ತಕದ ದಾರಿ ಕಾಯದೆ, ವಾರಕ್ಕೊಂದು ಅವಧಿಯನ್ನು ಈ ಇಬ್ಬರು ಅಧ್ಯಾಪಕರಿಗೆ ಇದೇ ವರ್ಷ ಬಿಟ್ಟುಕೊಡಬೇಕೆಂದು ನನ್ನ ವಿನಂತಿ.