ಗುರುತಿನ ಚೀಟಿಯೂ ಹಕ್ಕಿನ ರಸೀದಿಯೂ

ರಸ್ತೆಯಲ್ಲಿ ಪೊಲೀಸರು ವಾಹನವನ್ನು ತಡೆದು ನಿಲ್ಲಿಸಿದಾಗ ಚಾಲಕನಿಗೆ ಯಾವ ಹಕ್ಕುಗಳಿರುತ್ತವೆ ಎಂಬ ಪ್ರಶ್ನೆ ಸಾಹಿತ್ಯಾಸಕ್ತರ ಬಳಗವೊಂದರಲ್ಲಿ ಚರ್ಚೆಗೆ ತಕ್ಕುದಲ್ಲವೆಂದು ಕೆಲವರಿಗೆ ತೋರಬಹುದು. ಆದರೆ ನಮ್ಮಲ್ಲಿ ಹೆಚ್ಚಿನವರು ಜೀವಮಾನದಲ್ಲಿ ಒಮ್ಮೆಯೂ ನ್ಯಾಯಾಲಯದ ಮೆಟ್ಟಿಲು ಹತ್ತಿರುವುದಿಲ್ಲ. ಪ್ರಭುತ್ವವನ್ನು ಎದುರಾಬದುರಾಗಿ ಕಾಣುವುದು ರಸ್ತೆಯ ಅಂಚಿನಲ್ಲೇ. ಆ ಐದು ನಿಮಿಷಗಳಲ್ಲಿ ಸಂವಿಧಾನವೂ ಕಾಯ್ದೆಯೂ ನಮ್ಮ ಬದುಕಿನಲ್ಲಿ ಎಷ್ಟು ಆಳಕ್ಕೆ ಇಳಿದಿವೆ ಎಂಬುದು ತಿಳಿದುಹೋಗುತ್ತದೆ.

ಲೋಧಿ ಕಾಲೋನಿಯಂತಹ ವಸತಿಯಲ್ಲಿ ಈ ಪ್ರಶ್ನೆಗೆ ಬೇರೊಂದು ಮುಖವಿದೆ. ಬ್ರಿಟಿಷ್ ಆಳ್ವಿಕೆಯ ಕಡೆಗಾಲದಲ್ಲಿ, 1940ರ ದಶಕದಲ್ಲಿ, ಸರಕಾರಿ ನೌಕರರಿಗೆಂದೇ ಕಟ್ಟಿದ ಬಡಾವಣೆಯಿದು. ಕಮಾನುಗಳ ಒಳಗಿನ ಮನೆಗಳಲ್ಲಿ ಇಂದಿಗೂ ವಾಸಿಸುವವರು ಬಹುಪಾಲು ಕೇಂದ್ರ ಸರಕಾರದ ನೌಕರರೇ. ಇಲ್ಲಿ ನಿಲ್ಲಿಸಿದ ಕಾರುಗಳ ಗಾಜಿನ ಮೇಲೆ ‘ಭಾರತ ಸರಕಾರ’ ಎಂಬ ಅಂಟುಚೀಟಿಗಳು ಕಾಣಸಿಗುತ್ತವೆ. ಪೊಲೀಸರು ಕೈ ಅಡ್ಡ ಹಿಡಿದರೆ ಪರವಾನಗಿಗಿಂತ ಮೊದಲು ಇಲಾಖೆಯ ಗುರುತಿನ ಚೀಟಿ ಹೊರಬರುವುದು ದೆಹಲಿಯಲ್ಲಷ್ಟೇ ಅಲ್ಲ, ವಿಧಾನಸೌಧದ ನೆರಳಿನಲ್ಲೂ ಕಂಡುಬರುವ ಅಭ್ಯಾಸ. ಗುರುತು ಹೇಳಿ ಪಾರಾಗುವುದು ಹಕ್ಕನ್ನು ಚಲಾಯಿಸಿದಂತಲ್ಲ, ಅದು ರಿಯಾಯಿತಿಯನ್ನು ಪಡೆದಂತೆ. ಒಬ್ಬರಿಗೆ ರಿಯಾಯಿತಿ ಸಿಕ್ಕಷ್ಟೂ ಗುರುತಿಲ್ಲದವರ ಹಕ್ಕು ಸವೆಯುತ್ತದೆ ಎಂಬುದೇ ಈ ಬರಹದ ವಾದ.

ಮೊದಲು ಕಾಯ್ದೆಯನ್ನು ನೋಡೋಣ. 1988ರ ಮೋಟಾರು ವಾಹನ ಕಾಯ್ದೆಯ 130ನೇ ಸೆಕ್ಷನ್ ಪ್ರಕಾರ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಕೇಳಿದಾಗ ಚಾಲಕನು ಪರವಾನಗಿಯನ್ನು ತೋರಿಸಲೇಬೇಕು, ಇದರಲ್ಲಿ ಚೌಕಾಶಿಯಿಲ್ಲ. ಆದರೆ ‘ಸಮವಸ್ತ್ರದಲ್ಲಿರುವ’ ಎಂಬ ಪದವನ್ನು ಕಾಯ್ದೆ ಸುಮ್ಮನೆ ಸೇರಿಸಿಲ್ಲ. ತೋರಿಸುವುದೆಂದರೆ ಕಾಗದವೇ ಆಗಬೇಕೆಂದೂ ಇಲ್ಲ. 2018ರ ನವೆಂಬರಿನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ನಂತರ ಪರವಾನಗಿ, ನೋಂದಣಿ ಪತ್ರ, ವಿಮೆ, ಹೊಗೆ ತಪಾಸಣೆಯ ಪ್ರಮಾಣಪತ್ರ ಇವೆಲ್ಲವನ್ನೂ ವಿದ್ಯುನ್ಮಾನ ರೂಪದಲ್ಲಿ ತೋರಿಸಬಹುದು. ಡಿಜಿಲಾಕರ್‌ನಲ್ಲಿರುವ ಪರವಾನಗಿಯನ್ನು ಒಪ್ಪುವುದು ಅಧಿಕಾರಿಯ ಔದಾರ್ಯವೇನೂ ಅಲ್ಲ.

ಪರವಾನಗಿಯನ್ನು ವಶಪಡಿಸಿಕೊಳ್ಳುವ ಅಧಿಕಾರ 206ನೇ ಸೆಕ್ಷನ್ನಿನಲ್ಲಿದೆ. ಅದೇ ಸೆಕ್ಷನ್ನು, ವಶಪಡಿಸಿಕೊಂಡವರು ತಾತ್ಕಾಲಿಕ ಸ್ವೀಕೃತಿ ಪತ್ರವನ್ನು ಕೊಡಬೇಕೆಂದೂ ಹೇಳುತ್ತದೆ. ರಸೀದಿಯಿಲ್ಲದೆ ಜೇಬಿಗಿಳಿದ ಪರವಾನಗಿ ವಶಪಡಿಸಿಕೊಂಡದ್ದಾಗುವುದಿಲ್ಲ. ವಾಹನವನ್ನೇ ತಡೆಹಿಡಿಯುವ 207ನೇ ಸೆಕ್ಷನ್ನಿನ ಅಧಿಕಾರ ಪರವಾನಗಿ, ನೋಂದಣಿ, ಪರ್ಮಿಟ್ಟುಗಳಿಲ್ಲದಂತಹ ನಿರ್ದಿಷ್ಟ ಸಂದರ್ಭಗಳಿಗೆ ಸೀಮಿತ. ಕುಡಿದು ವಾಹನ ಚಲಾಯಿಸಿದವರನ್ನು ವಾರಂಟಿಲ್ಲದೆ ಬಂಧಿಸಬಹುದು. ಆದರೆ ಬಂಧಿಸಿದ ಎರಡು ಗಂಟೆಗಳೊಳಗೆ ವೈದ್ಯಕೀಯ ಪರೀಕ್ಷೆ ಆಗದಿದ್ದರೆ ಬಿಡಬೇಕೆಂದು 202ನೇ ಸೆಕ್ಷನ್ ಹೇಳುತ್ತದೆ. ಇನ್ನು ಓಡುವ ಸ್ಕೂಟರಿನ ಕೀಲಿಗೆ ಕೈಹಾಕಿ ಕಿತ್ತುಕೊಳ್ಳಲು, ಹಿಂಬದಿ ಸವಾರರ ತೋಳು ಹಿಡಿದೆಳೆಯಲು ಕಾಯ್ದೆಯ ಯಾವ ಸೆಕ್ಷನ್ನೂ ಅಪ್ಪಣೆ ಕೊಟ್ಟಿಲ್ಲ.

ಸ್ಥಳದಲ್ಲೇ ಕಟ್ಟುವ ದಂಡದ ಬಗೆಗೂ ತಪ್ಪು ತಿಳಿವಳಿಕೆಯಿದೆ. 200ನೇ ಸೆಕ್ಷನ್ ಅದನ್ನು ‘ರಾಜಿ’ ಎಂದು ಕರೆಯುತ್ತದೆ. ರಾಜಿಗೆ ಎರಡೂ ಕಡೆಯ ಒಪ್ಪಿಗೆ ಬೇಕು. ತಾನು ತಪ್ಪು ಮಾಡಿಲ್ಲವೆಂದು ನಂಬುವ ಚಾಲಕನು ನ್ಯಾಯಾಲಯದಲ್ಲಿ ವಾದಿಸುತ್ತೇನೆ ಎನ್ನಬಹುದು. ಸಂಚಾರ ಚಲನ್‌ಗಳಿಗೆಂದು 2019ರಲ್ಲಿ ದೆಹಲಿಯಲ್ಲಿ ವರ್ಚುವಲ್ ನ್ಯಾಯಾಲಯ ಆರಂಭವಾದ ಮೇಲೆ ಬಹಳಷ್ಟು ಪ್ರಕರಣಗಳು ಮೊಬೈಲಿನಲ್ಲೇ ಮುಗಿಯುತ್ತಿವೆ. ಕ್ಯಾಮೆರಾ ಹಿಡಿದ ಉಲ್ಲಂಘನೆಯ ನೋಟಿಸು 15 ದಿನಗಳೊಳಗೆ ಹೋಗಬೇಕೆಂದು 2021ರ ಆಗಸ್ಟಿನಲ್ಲಿ ಸೇರಿಸಿದ ನಿಯಮ ವಿಧಿಸಿತು. ಇವೆಲ್ಲದರ ಹಿಂದಿರುವ ತತ್ತ್ವ ಒಂದೇ: ಪ್ರಭುತ್ವ ನಮ್ಮಿಂದ ಏನನ್ನಾದರೂ ತೆಗೆದುಕೊಂಡರೆ ಅದಕ್ಕೊಂದು ಲಿಖಿತ ದಾಖಲೆಯಿರಬೇಕು.

ಈ ತತ್ತ್ವ ಕಾಗದದಲ್ಲೇ ಉಳಿದರೆ ಆಗುವ ಅನಾಹುತಕ್ಕೆ ನಮ್ಮ ನಾಡಿನಲ್ಲೇ ಉದಾಹರಣೆಯಿದೆ. 2022ರ ಜೂನಿನಲ್ಲಿ ಕರ್ನಾಟಕದ ಅಂದಿನ ಪೊಲೀಸ್ ಮಹಾನಿರ್ದೇಶಕ ಪ್ರವೀಣ್ ಸೂದ್ ಅವರು, ಕಣ್ಣಿಗೆ ಕಾಣುವ ಉಲ್ಲಂಘನೆಯಿಲ್ಲದೆ ಕೇವಲ ದಾಖಲೆ ನೋಡಲೆಂದು ವಾಹನ ನಿಲ್ಲಿಸಬಾರದು, ಮದ್ಯಪಾನದ ತಪಾಸಣೆಯೊಂದೇ ಇದಕ್ಕೆ ಹೊರತು ಎಂದು ಸಾರ್ವಜನಿಕವಾಗಿ ಪುನರುಚ್ಚರಿಸಿದರು. ಮೂರು ವರ್ಷ ಕಳೆಯುವಷ್ಟರಲ್ಲಿ, 2025ರ ಮೇ 26ರಂದು, ಮಂಡ್ಯದಲ್ಲಿ ನಾಯಿ ಕಚ್ಚಿದ್ದ ಪುಟ್ಟ ಹೆಣ್ಣುಮಗುವನ್ನು ಬೈಕಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ತಂದೆತಾಯಿಯನ್ನು ಸಂಚಾರ ಪೊಲೀಸರು ತಪಾಸಣೆಗೆಂದು ತಡೆದರು. ಆಯತಪ್ಪಿ ರಸ್ತೆಗೆ ಬಿದ್ದ ಮಗು ಸರಕು ವಾಹನಕ್ಕೆ ಸಿಲುಕಿ ತೀರಿಕೊಂಡಿತು. ಮೂವರು ಸಹಾಯಕ ಸಬ್‌ಇನ್‌ಸ್ಪೆಕ್ಟರುಗಳು ಅಮಾನತಾದರು. ಆಮೇಲೆ ಮಹಾನಿರ್ದೇಶಕ ಎಂ.ಎ. ಸಲೀಂ ಅವರು ಸುತ್ತೋಲೆ ಹೊರಡಿಸಿದರು: ಕಾಣುವ ಉಲ್ಲಂಘನೆಯಿಲ್ಲದೆ ವಾಹನ ತಡೆಯಬಾರದು, ಹಠಾತ್ತನೆ ಅಡ್ಡಬಂದು ನಿಲ್ಲಿಸಬಾರದು, ಕೀಲಿ ಕಿತ್ತುಕೊಳ್ಳಬಾರದು, ಹಿಂಬದಿ ಸವಾರರನ್ನು ಎಳೆಯಬಾರದು.

ಒಮ್ಮೆ ಹೇಳಿದ ಮಾತನ್ನೇ ಮಗುವಿನ ಸಾವಿನ ನಂತರ ಮತ್ತೆ ಹೇಳಬೇಕಾಯಿತು. ಮೇಲಧಿಕಾರಿಯ ಸೂಚನೆ ಎಷ್ಟೇ ಒಳ್ಳೆಯದಿರಲಿ, ರಸ್ತೆಯಲ್ಲಿ ನಿಂತ ಸಿಬ್ಬಂದಿಗೆ ಅದು ನಿತ್ಯದ ನಡವಳಿಕೆಯಾಗಬೇಕಾದರೆ ಪ್ರತಿದಿನ ಅದನ್ನು ನೆನಪಿಸುವ ಪ್ರಜೆಗಳೂ ಇರಬೇಕು. ನೆನಪಿಸಬಲ್ಲವರು ಯಾರು? ಕಾಯ್ದೆಯನ್ನು ಓದಬಲ್ಲವರು, ಕಡತದ ಭಾಷೆ ಬಲ್ಲವರು, ಒಂದು ದಿನದ ರಜೆ ಹಾಕಿ ನ್ಯಾಯಾಲಯಕ್ಕೆ ಹೋದರೂ ಸಂಬಳ ಕಡಿತವಾಗದವರು. ಎಂದರೆ ಗುರುತಿನ ಚೀಟಿ ಉಳ್ಳವರೇ. ಅವರು ಚೀಟಿ ತೋರಿಸಿ ಹೊರಟುಬಿಟ್ಟರೆ, ರಸೀದಿ ಕೇಳುವ ಕೆಲಸ ಬಾಡಿಗೆ ಟ್ಯಾಕ್ಸಿಯವನ, ಊಟ ತಲುಪಿಸುವ ಹುಡುಗನ, ತರಕಾರಿ ಟೆಂಪೋದವನ ಪಾಲಿಗೆ ಉಳಿಯುತ್ತದೆ. ಬಡವನ ಕೋಪ ದವಡೆಗೆ ಮೂಲ ಎಂಬ ಗಾದೆಯನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅರ್ಧ ದಿನದ ದುಡಿಮೆ ಹೋಗುವ ಭಯಕ್ಕೆ ಅವರು ಕೇಳಿದಷ್ಟು ಕೊಟ್ಟು ಮುಂದೆ ಸಾಗುತ್ತಾರೆ.

ಸರಕಾರಿ ನೌಕರನೆಂಬ ಕಾರಣಕ್ಕೆ ಸಂಚಾರ ನಿಯಮಗಳಲ್ಲಿ ವಿನಾಯಿತಿ ಕೊಡುವ ಮಾತು ಕಾಯ್ದೆಯಲ್ಲಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 210-ಬಿ ಸೆಕ್ಷನ್ ಇದಕ್ಕೆ ತದ್ವಿರುದ್ಧವಾದ ದಿಕ್ಕಿನಲ್ಲಿದೆ: ಕಾಯ್ದೆಯನ್ನು ಜಾರಿಗೊಳಿಸಬೇಕಾದ ಪ್ರಾಧಿಕಾರವೇ ಅದನ್ನು ಮುರಿದರೆ ದಂಡ ಇಮ್ಮಡಿ. ಅಧಿಕಾರ ಹೆಚ್ಚಿದಂತೆ ಹೊಣೆಯೂ ಹೆಚ್ಚಬೇಕೆಂಬ ಈ ಚಿಂತನೆ ಪೊಲೀಸರಿಗಷ್ಟೇ ಅಲ್ಲ, ಸರಕಾರದ ಸಂಬಳ ಪಡೆಯುವ ಎಲ್ಲರಿಗೂ ಮೇಲ್ಪಂಕ್ತಿಯಾಗಬೇಕು.

ಹಕ್ಕಿನ ಮಾತಾಡುವವರು ಪೊಲೀಸರ ಕಷ್ಟವನ್ನು ಮರೆಯುತ್ತಾರೆಂಬ ಆಕ್ಷೇಪವುಂಟು. ಅದರಲ್ಲಿ ಹುರುಳಿದೆ. 2022ರ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಪ್ರಾಣ ಕಳೆದುಕೊಂಡರೆಂದು ಕೇಂದ್ರ ಸರಕಾರದ ವರದಿಯೇ ಹೇಳುತ್ತದೆ. ಮೇ ತಿಂಗಳ ಬಿಸಿಲಿನಲ್ಲಿ, ಜನವರಿಯ ಮಂಜಿನಲ್ಲಿ, ನವೆಂಬರಿನ ಹೊಗೆಯಲ್ಲಿ ಭೀಷ್ಮ ಪಿತಾಮಹ ಮಾರ್ಗದಂತಹ ರಸ್ತೆಯಲ್ಲಿ ನಿಲ್ಲುವವರ ಪಾಡು ಸುಲಭದ್ದಲ್ಲ. ಹೆಲ್ಮೆಟ್ ಹಾಕದವನೂ ಕೆಂಪು ದೀಪ ದಾಟಿದವನೂ ಕಾಯ್ದೆಯ ಪುಟ ತೆರೆದು ವಾದಕ್ಕೆ ನಿಂತರೆ ಅದು ಹಕ್ಕಿನ ರಕ್ಷಣೆಯೆನಿಸದು. ಆದರೆ ದಾಖಲೆ ಕೇಳುವುದರಿಂದ ಪ್ರಾಮಾಣಿಕ ಅಧಿಕಾರಿಗೆ ನಷ್ಟವೇನೂ ಇಲ್ಲ; ಸುಳ್ಳು ದೂರಿನಿಂದ ಅವನನ್ನು ಕಾಪಾಡುವುದೂ ಅದೇ ರಸೀದಿ, ಅದೇ ಕ್ಯಾಮೆರಾ.

ಹೊರರಾಜ್ಯದ ಕನ್ನಡಿಗರಾದ ನಮಗೆ ಇನ್ನೊಂದು ಕರ್ತವ್ಯವುಂಟು. ವರ್ಗಾವಣೆಯಾಗಿ ಬಂದವರ ಕಾರು ಕೆಎ ಸಂಖ್ಯೆಯಲ್ಲೇ ವರ್ಷಗಟ್ಟಲೆ ಓಡುವುದುಂಟು. ಹನ್ನೆರಡು ತಿಂಗಳು ಮೀರಿ ಬೇರೆ ರಾಜ್ಯದಲ್ಲಿಟ್ಟ ವಾಹನಕ್ಕೆ ಹೊಸ ನೋಂದಣಿ ಸಂಖ್ಯೆ ಪಡೆಯಬೇಕೆಂದು 47ನೇ ಸೆಕ್ಷನ್ ಹೇಳುತ್ತದೆ. ಈ ತಾಪತ್ರಯ ತಪ್ಪಿಸಲೆಂದೇ 2021ರಲ್ಲಿ ಬಿಎಚ್ ಸರಣಿ ಬಂದಿತು. ನಮ್ಮ ಕಾಗದ ಸರಿಯಿದ್ದರೆ ಮಾತ್ರ ನಮ್ಮ ದನಿಗೆ ಬಲ. ಬೆಂಗಳೂರಿನಲ್ಲಿ ಡಿಎಲ್ ಫಲಕದ ಕಾರಿನವನೂ ದೆಹಲಿಯಲ್ಲಿ ಕೆಎ ಫಲಕದವನೂ ಒಂದೇ ಬಗೆಯ ಪರಕೀಯರು. ಭಾಷೆ ಬಾರದವನಿಗೆ ದಂಡದ ಚೀಟಿಯಲ್ಲಿ ಏನು ಬರೆದಿದೆಯೆಂದು ತಿಳಿಯುವ ಹಕ್ಕು ಎರಡೂ ಕಡೆ ಇರಬೇಕು.

ಆದ್ದರಿಂದ ನಮ್ಮ ಬಳಗಕ್ಕೆ ಒಂದು ಸಣ್ಣ ಕೆಲಸವನ್ನು ಸೂಚಿಸುತ್ತೇವೆ. ಪರವಾನಗಿ ಕೇಳಿದರೆ ತೋರಿಸಿ, ಅಧಿಕಾರಿಯ ಹೆಸರು ನೋಡಿಕೊಳ್ಳಿ, ಯಾವ ಸೆಕ್ಷನ್ ಎಂದು ಕೇಳಿ, ರಸೀದಿಯಿಲ್ಲದೆ ಹಣವನ್ನಾಗಲಿ ಪರವಾನಗಿಯನ್ನಾಗಲಿ ಕೊಡಬೇಡಿ, ಒಪ್ಪಿಗೆಯಿಲ್ಲದಿದ್ದರೆ ನ್ಯಾಯಾಲಯಕ್ಕೆ ಹೋಗುವೆನೆನ್ನಿ, ದನಿ ಏರಿಸಬೇಡಿ. ಈ ಆರು ಮಾತುಗಳನ್ನು ಕನ್ನಡದಲ್ಲೂ ಹಿಂದಿಯಲ್ಲೂ ಒಂದು ಹಾಳೆಗೆ ಇಳಿಸೋಣ. ಲೋಧಿ ಎಸ್ಟೇಟಿನ ಕನ್ನಡ ಶಾಲೆಯ ಮಕ್ಕಳನ್ನು ಕರೆತರುವ ವ್ಯಾನಿನ ಚಾಲಕರಿಗೆ, ಖನ್ನಾ ಮಾರುಕಟ್ಟೆಯ ಆಟೋದವರಿಗೆ ಹಂಚೋಣ. ಜೊತೆಗೆ, ಮುಂದಿನ ಸಲ ಕೈ ಅಡ್ಡ ಬಂದಾಗ ನಮ್ಮಲ್ಲಿ ಪ್ರತಿಯೊಬ್ಬರೂ ಇಲಾಖೆಯ ಚೀಟಿಯನ್ನು ಜೇಬಿನಲ್ಲೇ ಬಿಟ್ಟು ಪರವಾನಗಿಯನ್ನಷ್ಟೇ ತೋರಿಸೋಣ. ತಪ್ಪಿದ್ದರೆ ದಂಡ ಕಟ್ಟಿ ರಸೀದಿ ಪಡೆಯೋಣ. ನಮ್ಮ ಹಿಂದೆ ಸಾಲಿನಲ್ಲಿ ನಿಂತ ಟೆಂಪೋದವನು ಅದನ್ನು ನೋಡುತ್ತಿರುತ್ತಾನೆ. ಅವನ ಸರದಿ ಬಂದಾಗ ರಸೀದಿ ಕೇಳುವುದು ಅವನಿಗೆ ಅಷ್ಟರಮಟ್ಟಿಗೆ ಸುಲಭವಾಗುತ್ತದೆ.