ಕೆಎ-03 ಮಾಡಿದ ತಪ್ಪು

ಮೊನ್ನೆ ಭಾನುವಾರ ಸಂಜೆ ಸಂಪಾಜೆ ಘಾಟಿಯಲ್ಲಿ ನಾನೊಂದು ಆಕ್ಸಿಡೆಂಟ್ ಮಾಡಿದೆನಂತೆ. 'ಅಂತೆ' ಯಾಕೆಂದರೆ ಆ ಹೊತ್ತಿಗೆ ನನ್ನ ಕಾರು ನಿಂತಿತ್ತು!

ಸುಳ್ಯದಲ್ಲಿ ಮದುವೆ ಊಟ ಮುಗಿಸಿ ಮಡಿಕೇರಿ ಕಡೆ ಹತ್ತುತ್ತಿದ್ದೆ. ಜೋಡುಪಾಲ ದಾಟಿದ ಮೇಲೆ (2018ರ ಆಗಸ್ಟಿನಲ್ಲಿ ಗುಡ್ಡ ಜರಿದು ಬಿತ್ತಲ್ಲ, ಅದೇ ಜೋಡುಪಾಲ) ಮಳೆ, ಮಂಜು. ತಿರುವಿನಲ್ಲಿ ಲಾರಿಯೊಂದನ್ನು ಓವರ್‌ಟೇಕ್ ಮಾಡುತ್ತಾ ಇಳಿಯುತ್ತಿದ್ದ ಕಾರು ಸೀದಾ ನನ್ನ ಬದಿಗೇ ಬಂತು. ನಾನು ಎಡಕ್ಕೆ ಒತ್ತಿ ಚರಂಡಿ ಪಕ್ಕ ನಿಲ್ಲಿಸಿದೆ. ಆತ ಬ್ರೇಕ್ ಒತ್ತಿದ, ಗಾಡಿ ಜಾರಿ ಆಚೆ ಬದಿಯ ತಡೆಗೋಡೆಗೆ ಹೊಡೆಯಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಲಾರಿಯವನು ಹೋಗಿಯೇ ಬಿಟ್ಟ.

ಕಾರಿನಿಂದ ಇಳಿದ ಮಹಾನುಭಾವರ ಮೊದಲ ಮಾತು: "ಅಡ್ಡ ಬಂದಿದ್ದು ಇವನೇ, ಹದಿನೈದು ಸಾವಿರ ಕೊಡಲಿ." ನನ್ನ ಕಾರಿಗೆ ಒಂದು ಗೀರೂ ಇಲ್ಲ. ಜಾರಿದ ಗುರುತು ರಸ್ತೆಯ ಮೇಲೆ ಕಾಣುತ್ತಿದೆ. ಅದನ್ನು ಯಾರೂ ನೋಡಲಿಲ್ಲ ಮಾರಾಯ್ರೆ, ನೋಡಿದ್ದು ನನ್ನ ನಂಬರ್ ಪ್ಲೇಟನ್ನು. ಅವರದ್ದು ಕೆಎ-12, ನನ್ನದು ಕೆಎ-03. "ಬೆಂಗಳೂರಿನವರು, ಘಾಟಿಯಲ್ಲಿ ಓಡಿಸಲು ಬರೋದಿಲ್ಲ." ತೀರ್ಪು ಮುಗಿಯಿತು. ಆಫೀಸಿನಲ್ಲಿ ಕೊನೆಗೆ ಕೋಡ್ ಮುಟ್ಟಿದವನ ತಲೆಗೇ ಬಗ್ ಕಟ್ಟುತ್ತಾರಲ್ಲ, ಹಾಗೆ :)

ಆಮೇಲೆ ನಡೆದದ್ದು ನನಗೆ ಇನ್ನೂ ಸಿಟ್ಟು ತರಿಸಿತು. ಒಬ್ಬ ಹಿರಿಯರು "ಯಾವ ಊರಪ್ಪ?" ಅಂದರು. ಊರು, ಮನೆ ಹೆಸರು ಹೇಳಿದೆ. "ನಮ್ಮವ ಗಡ!" ಅಂದರು ಹಿಂದಿನಿಂದ ಯಾರೋ. ಅಲ್ಲಿಗೆ ನಾನು ನಿರಪರಾಧಿ! ಅದೇ ರಸ್ತೆ, ಅದೇ ಗುರುತು, ಅದೇ ಮಂಜು. ಬದಲಾಗಿದ್ದು ನನ್ನ ಊರು ಮಾತ್ರ. ನಿಜವಾಗಿಯೂ ಬೆಂಗಳೂರಿನ ಹುಡುಗನೊಬ್ಬ ಅಲ್ಲಿ ನಿಂತಿದ್ದರೆ ಹದಿನೈದು ಸಾವಿರ ಎಣಿಸಿ ಕೊಟ್ಟು ಹೋಗುತ್ತಿದ್ದ. ವೀಕೆಂಡಿನಲ್ಲಿ ರಾಜಾಸೀಟ್ ಹತ್ತಿರ ಟ್ರಾಫಿಕ್ ಜಾಮ್ ಆದಾಗ ನಾನೂ ಹೀಗೇ ಪ್ಲೇಟ್ ನೋಡಿ ಬೈದಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಪ್ರವಾಸಿಗರು ಘಾಟಿಯಲ್ಲಿ ಹುಚ್ಚುಚ್ಚಾಗಿ ಓಡಿಸುತ್ತಾರೆ, ಒಪ್ಪಿದೆ. ಆದರೆ ಏರು ರಸ್ತೆ ಕಿರಿದಾಗಿದ್ದರೆ ಹತ್ತುವ ಗಾಡಿಗೆ ಇಳಿಯುವವನು ದಾರಿ ಬಿಡಬೇಕು ಅನ್ನುವುದು ನಿಯಮ. ಅದು ಕೆಎ-12ಕ್ಕೂ ಅನ್ವಯಿಸುತ್ತದೆ. ಮಂಜಿನ ತಿರುವಿನಲ್ಲಿ ಓವರ್‌ಟೇಕ್ ಮಾಡಲು ಹುಟ್ಟೂರಿನ ಲೈಸೆನ್ಸ್ ಅಂತ ಬೇರೆ ಇಲ್ಲ.

"ಇಲ್ಲೇ ಸೆಟಲ್ ಮಾಡ್ಕೊಳ್ಳಿ, ಸ್ಟೇಷನ್ ಯಾಕೆ" ಅನ್ನುವವರಿಗೂ ಒಂದು ಮಾತು. ಮಾಡದ ತಪ್ಪಿಗೆ ದುಡ್ಡು ಕೊಟ್ಟರೆ ತಪ್ಪು ಒಪ್ಪಿಕೊಂಡಂತೆಯೇ ಲೆಕ್ಕಕ್ಕೆ ಬರುತ್ತದೆ. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ತಪ್ಪೊಪ್ಪಿಕೊಳ್ಳಬೇಡಿ, ದುಡ್ಡಿನ ಮಾತು ಕೊಡಬೇಡಿ ಅಂತ ಇನ್ಶೂರೆನ್ಸ್ ಪಾಲಿಸಿಯಲ್ಲೇ ಬರೆದಿರುತ್ತದೆ, ನಾವು ಓದುವುದಿಲ್ಲ ಅಷ್ಟೆ. 1988ರ ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಪ್ರಕಾರ, ಗಾಯವಾಗಿದ್ದರೆ ಆಸ್ಪತ್ರೆಗೆ ಸಾಗಿಸಬೇಕು, 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು, ಇನ್ಶೂರೆನ್ಸಿನವರಿಗೆ ಬರೆದು ಕೊಡಬೇಕು. ಗುಂಪಿನ ರೊಚ್ಚಿನಿಂದಾಗಿ ಆಸ್ಪತ್ರೆಗೆ ಸಾಗಿಸಲು ಆಗದಿದ್ದರೆ ವಿನಾಯಿತಿ ಅಂತ ಅದೇ ಸೆಕ್ಷನ್ ಹೇಳುತ್ತದೆ. ಕಾಯ್ದೆ ಬರೆದವರಿಗೆ ನಮ್ಮ ಜನ ಚೆನ್ನಾಗಿ ಗೊತ್ತಿದ್ದರು!

ಮೊಬೈಲಿನಲ್ಲಿ ರಸ್ತೆಯ ಗುರುತು, ಎರಡೂ ಗಾಡಿ, ತಡೆಗೋಡೆ ಎಲ್ಲದರ ಫೋಟೊ ತೆಗೆದೆ. ಮಡಿಕೇರಿ ಮುಟ್ಟಿದವನೇ ಸ್ಟೇಷನ್ನಿಗೆ ಹೋಗಿ ಬರೆದು ಕೊಟ್ಟೆ. ಆ ಮಹಾನುಭಾವರು ನನ್ನ ಮೇಲೆ ಕೇಸ್ ಹಾಕುತ್ತೇನೆಂದು ಈಗಲೂ ಊರಲ್ಲಿ ಹೇಳಿಕೊಂಡು ತಿರುಗುತ್ತಿದ್ದಾರಂತೆ. ಹಾಕಲಿ. ಫೋಟೊ ಹದಿನಾಲ್ಕಿವೆ.