ಎದಿನೋವು ಅಂದ್ರ ಬರೀ ಗ್ಯಾಸ್ ಅಲ್ಲ, ಬರೀ ಎಣ್ಣಿ-ಮಿರ್ಚಿದೂ ಅಲ್ಲ



2025ರ ಜೂನ್-ಜುಲೈ ನೆನಪಿರಬೇಕು. ಹಾಸನ ಜಿಲ್ಲೆಯಿಂದ ದಿನಾ ಹೃದಯಾಘಾತದ ಸುದ್ದಿ ಬರ್ತಿತ್ತು. ಸುಮಾರು 40 ದಿನದಾಗ 20ಕ್ಕೂ ಹೆಚ್ಚು ಸಾವು. ಮೈಸೂರಿನ ಜಯದೇವ ಆಸ್ಪತ್ರೆ ಮುಂದ ಮಂದಿ ಪಾಳಿ ಹಚ್ಚಿ ನಿಂತ್ರು. ವಾಟ್ಸಾಪಿನ್ಯಾಗ ಎಲ್ಲಾ ಕೊರೊನಾ ಲಸಿಕೆದ್ದ ತಪ್ಪು ಅಂತ ತೀರ್ಪು ಆಗಿಹೋಗಿತ್ತು. ಸರ್ಕಾರ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಲಸಿಕೆಗೂ ಈ ಸಾವುಗಳಿಗೂ ಸಂಬಂಧ ಇಲ್ಲ ಅಂತ ವರದಿ ಬಂತು. ಬಿಪಿ, ಸಕ್ಕರೆ, ತಂಬಾಕು, ಇವೇ ಹಳೇ ಕಾರಣಗಳು.

ಅದಾದ ಮ್ಯಾಲೆ ಟಿವಿ ತುಂಬ ಉಪದೇಶ. ವಾಕಿಂಗ್ ಮಾಡ್ರಿ, ಎಣ್ಣಿ ಬಿಡ್ರಿ, ಹಣ್ಣು ತಿನ್ರಿ, ಟೆನ್ಷನ್ ತಗೋಬ್ಯಾಡ್ರಿ. ಇದ್ಯಾವುದೂ ಸುಳ್ಳಲ್ಲ. ಆದರೆ ಇದು ಅರ್ಧ ಮಾತು. ಉಳಿದ ಅರ್ಧವನ್ನು ನಮ್ಮ ಚಳವಳಿಯವರೇ ಹೇಳಬೇಕು, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಜನ ಮಿಷನ್ ಆಸ್ಪತ್ರೆ ಅಂತಾರಲ್ಲ, ಅಲ್ಲಿ ಹುಟ್ಟಿದ ಪ್ರತಿ ಕೂಸಿನ ತೂಕ ಬರೆದಿಟ್ಟ ಹಳೇ ರಿಜಿಸ್ಟರ್‌ಗಳಿದ್ದವು. 1934ರಿಂದ 1954ರೊಳಗ ಅಲ್ಲಿ ಹುಟ್ಟಿದ 500ಕ್ಕೂ ಹೆಚ್ಚು ಮಂದಿಯನ್ನು ಸಂಶೋಧಕರು ಹುಡುಕಿ, ಅವರ ಹೃದಯ ಪರೀಕ್ಷೆ ಮಾಡಿದರು. ಫಲಿತಾಂಶ 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಹುಟ್ಟುವಾಗ ಎರಡೂವರೆ ಕೆ.ಜಿ. ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ. ಮೂರು ಕೆ.ಜಿ. ಇನ್ನೂರು ಗ್ರಾಂ ದಾಟಿದವರಲ್ಲಿ ನೂರಕ್ಕೆ 3.

ಇದನ್ನ ಇನ್ನೊಮ್ಮೆ ಓದ್ರಿ. ಐವತ್ತರ ವಯಸ್ಸಿನ್ಯಾಗ ಎದಿ ಹಿಡಕೊಂಡು ಬೀಳೋದಕ್ಕೂ, ಅವ್ವ ಬಸುರಿದ್ದಾಗ ಆಕಿ ತಾಟಿನ್ಯಾಗ ಏನಿತ್ತು ಅನ್ನೋದಕ್ಕೂ ನಂಟೈತಿ. ಕೇರಿಯ ಹೆಣ್ಮಕ್ಕಳು ಒಂಬತ್ತು ತಿಂಗಳು ತುಂಬುವ ತನಕ ಕಳೆ ತೆಗೆದು, ಮನೆ ಮಂದಿಗೆಲ್ಲಾ ಉಣಿಸಿ, ಉಳಿದದ್ದನ್ನು ಉಂಡವರು. ಅವರ ಮಕ್ಕಳಿಗೆ ಬರೀ 'ಜೀವನಶೈಲಿ ಸರಿ ಇಲ್ಲ' ಅಂದುಬಿಟ್ರ ನಾ ಒಪ್ಪೂದಿಲ್ಲ.

2021ರ ಕೊನೆಗೆ ಶಾಲೆ ಊಟದಾಗ ತತ್ತಿ ಕೊಡೋದು ಸುರುವಾದಾಗ ಮೊದಲ ಏಳು ಜಿಲ್ಲೆಗಳಲ್ಲಿ ನಮ್ಮ ವಿಜಯಪುರವೂ ಇತ್ತು. ಕೆಲವು ಮಠಾಧೀಶರು ವಿರೋಧಿಸಿದರು. ನಾವು ಅದನ್ನ ಆಹಾರದ ಹಕ್ಕಿನ ಜಗಳ ಅಂತ ನೋಡಿದ್ವಿ. ಅದು ಮುಂದಿನ ತಾಯಂದಿರ, ಅವರ ಹೊಟ್ಟೆಯ ಕೂಸುಗಳ ಹೃದಯದ ಜಗಳವೂ ಹೌದು. (ಮಾಂಸ ಬಿಟ್ರ ಹೃದಯ ಸರಿ ಆಗ್ತದ ಅನ್ನೋರಿಗೆ ಒಂದು ಮಾತು: ಡಾಲ್ಡಾ, ಸಕ್ಕರೆ, ಕರಿದ ಭಜಿ, ಇವೆಲ್ಲಾ ಶುದ್ಧ ಸಸ್ಯಾಹಾರನೇ. ಕೊಬ್ಬು ಕಡಿಮೆ ಮಾಡ್ರಿ, ಸರಿ. ಜಾತಿ ನಡುವ ತರಬ್ಯಾಡ್ರಿ.)

ಇನ್ನು ಟೆನ್ಷನ್ ಮಾತು. ಲಂಡನ್ನಿನ ವೈಟ್‌ಹಾಲ್ ಅಂದ್ರ ಅಲ್ಲಿನ ಸರ್ಕಾರಿ ಕಚೇರಿಗಳಿರೋ ಬೀದಿ. 1967ರಲ್ಲಿ ಶುರುವಾದ ಅಧ್ಯಯನವೊಂದು ಆ ಕಚೇರಿಗಳ 17 ಸಾವಿರಕ್ಕೂ ಹೆಚ್ಚು ಗಂಡು ನೌಕರರನ್ನು ವರ್ಷಗಟ್ಟಲೆ ಗಮನಿಸಿತು. ಎಲ್ಲರಿಗೂ ಸಂಬಳ ಇತ್ತು, ಪುಕ್ಕಟೆ ಚಿಕಿತ್ಸೆ ಇತ್ತು. ಆದರೂ ಮೇಲಿನ ಸಾಹೇಬರಿಗಿಂತ ಬಾಗಿಲು ಕಾಯೋರು, ಕಾಗದ ಹೊರೋರು ಹೃದಯದ ಕಾಯಿಲೆಯಿಂದ ಸತ್ತದ್ದು ಮೂರು ಪಟ್ಟು ಹೆಚ್ಚು. ಸಿಗರೇಟು, ಬಿಪಿ, ಕೊಲೆಸ್ಟ್ರಾಲ್ ಲೆಕ್ಕ ಹಾಕಿದ್ರೂ ಅರ್ಧಕ್ಕಿಂತ ಹೆಚ್ಚು ಅಂತರಕ್ಕೆ ಕಾರಣ ಸಿಗಲಿಲ್ಲ. ತನ್ನ ಕೆಲಸದ ಮ್ಯಾಲೆ ತನಗೇ ಹಿಡಿತ ಇಲ್ಲದವರಿಗೆ ಈ ಕಾಯಿಲೆ ಹೆಚ್ಚು ಅಂತ ಮುಂದಿನ ಅಧ್ಯಯನ ತೋರಿಸಿತು.

ಅಲ್ಲಿ ಬರೀ ದರ್ಜೆ. ಇಲ್ಲಿ ದರ್ಜೆಯ ಮ್ಯಾಲೆ ಜಾತಿ. ನಾನೊಬ್ಬ ಗುಮಾಸ್ತ. ನಾ ಕೆಲಸ ಮಾಡಿದ ಒಂದು ಕಚೇರಿಯಲ್ಲಿ ಎಲ್ಲರ ಟೇಬಲ್ಲಿಗೂ ಪಿಂಗಾಣಿ ಕಪ್ಪಿನಲ್ಲಿ ಚಹಾ ಬರ್ತಿತ್ತು, ನನ್ನ ಟೇಬಲ್ಲಿಗೆ ಮಾತ್ರ ಕಾಗದದ ಕಪ್ಪು. ಮೂರು ವರ್ಷ. ಇಂಥದ್ದನ್ನ ದಿನಾ ನುಂಗೋ ಮನುಷ್ಯನಿಗೆ 'ಟೆನ್ಷನ್ ತಗೋಬ್ಯಾಡ್ರಿ' ಅಂದ್ರ ಏನು ಮಾಡಬೇಕು?

ಹಂಗಂತ ಗುಳಿಗಿ ಒಗೆದು ವ್ಯವಸ್ಥೆಯನ್ನ ಬೈಕೋತ ಕೂಡ್ರೂದಲ್ಲ. ನಮ್ಮ ಹುಡುಗರ ಮ್ಯಾಲೆ ನನ್ನ ಸಿಟ್ಟು ಇಲ್ಲೇ ಇರೋದು. ರಾತ್ರಿಯೆಲ್ಲಾ ಬಸ್ಸು, ಬೆಳಿಗ್ಗೆ ಧರಣಿ, ಹತ್ತು ಸಲ ಚಹಾ, ನಡುವ ಗುಟಖಾ, ಸಂಜೀಕ 'ಸಣ್ಣದೊಂದು'. ಬಿಪಿ ಐತಿ ಅಂತ ಗೊತ್ತಾದ್ರೂ 'ಗುಳಿಗಿ ಒಮ್ಮೆ ಹಿಡಿದ್ರ ಬಿಡಾಕ ಬರಂಗಿಲ್ಲ' ಅಂತ ಮುಂದೂಡೋದು. ಬಾಬಾಸಾಹೇಬರಿಗೆ ಸಕ್ಕರೆ ಕಾಯಿಲೆ ಇತ್ತು, ಕಾಲಿನ ನರಗಳ ನೋವಿತ್ತು. ಬೌದ್ಧ ಧಮ್ಮಕ್ಕೆ ಬಂದು ಎರಡು ತಿಂಗಳೂ ತುಂಬುವ ಮೊದಲೇ, 65ಕ್ಕೇ ನಮ್ಮನ್ನ ಬಿಟ್ಟು ಹೋದರು. ಇನ್ನೂ ಹತ್ತು ವರ್ಷ ಅವರಿದ್ದಿದ್ರ ಅಂತ ಪ್ರತಿ ಡಿಸೆಂಬರ್ 6ಕ್ಕೆ ಭಾಷಣ ಮಾಡ್ತೀವಿ. ಮಾಡೋವಾಗ ನಮ್ಮ ಬಿಪಿ ಎಷ್ಟಿರತೈತಿ?

ಊಟದ್ದು ಹೆಚ್ಚು ಹೇಳೂದಿಲ್ಲ. ನಮ್ಮ ಜೋಳದ ರೊಟ್ಟಿ, ಕಾಳುಪಲ್ಯ, ಮೊಸರು, ಹಸಿ ಸೊಪ್ಪಿಗಿಂತ ಚಲೋ ಡಯಟ್ ಯಾರೂ ಬರೆದುಕೊಡೂದಿಲ್ಲ. ಉಪ್ಪು ದಿನಕ್ಕೆ ಒಬ್ಬರಿಗೆ ಒಂದು ಚಹಾ ಚಮಚಕ್ಕಿಂತ ಕಡಿಮೆ ಇರಲಿ, ಉಪ್ಪಿನಕಾಯಿ-ಹಪ್ಪಳದ ಉಪ್ಪೂ ಸೇರಿಸಿ. ಗುಟಖಾ, ಬೀಡಿ ಬಿಡಲೇಬೇಕು, ಇದರಾಗ ಚೌಕಾಶಿ ಇಲ್ಲ.

ಹೆಚ್ಚು ಹೇಳಬೇಕಾದ್ದು 'ಗ್ಯಾಸ್' ಬಗ್ಗೆ. ಗೊಳಸಂಗಿಯಿಂದ ಸಿಂದಗಿ ತನಕ ಯಾವ ಊರಾಗ ಕೇಳಿದ್ರೂ ಎದಿನೋವಿಗೆ ಮೊದಲ ಔಷಧ ಸೋಡಾ. ಎದಿ ನಡುವ ಭಾರ ಇಟ್ಟಂಗ ಆಗೋದು, ನೋವು ಎಡಗೈಗೆ, ದವಡೆಗೆ, ಬೆನ್ನಿಗೆ ಹರಿಯೋದು, ತಣ್ಣನೆ ಬೆವರು, ಏದುಸಿರು, ಇದ್ಯಾವುದು ಬಂದ್ರೂ ಸೋಡಾ ಕುಡಿಸಿ ಮಲಗಿಸಬ್ಯಾಡ್ರಿ. ಸಕ್ಕರೆ ಕಾಯಿಲೆಯವರಿಗೆ, ಹೆಣ್ಮಕ್ಕಳಿಗೆ ಕೆಲವೊಮ್ಮೆ ನೋವೇ ಇರೂದಿಲ್ಲ, ಬರೀ ಸುಸ್ತು, ವಾಕರಿಕೆ. 108ಕ್ಕೆ ಫೋನ್ ಮಾಡ್ರಿ, ಇಸಿಜಿ ಮಾಡಿಸ್ರಿ.

2021ರ ಅಕ್ಟೋಬರ್ 29ಕ್ಕೆ ಅಪ್ಪು 46ನೇ ವಯಸ್ಸಿಗೆ ಹೋದರು. ಅವರ ಹೆಸರಿನಲ್ಲೇ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂದಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಅವರು ಹೌದು ಅಂದ್ರ ರಕ್ತದ ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಪುಕ್ಕಟೆ ಕೊಡಬೇಕು. ಹೊರಗ ಕೊಂಡ್ರ ಅದಕ್ಕ ಹತ್ತಾರು ಸಾವಿರ. ಮೊದಲ ಕೆಲವು ತಾಸಿನ್ಯಾಗ ಕೊಟ್ರೇ ಪೂರ್ತಿ ಉಪಯೋಗ. ಕಲಬುರಗಿಯ ಜಯದೇವಕ್ಕ ಮುಟ್ಟೋ ತನಕ ನಮ್ಮವರ ಆ ತಾಸುಗಳು ದಾರಿಯಲ್ಲೇ ಮುಗಿದು ಹೋಗ್ತಾವ.

ಅದಕ್ಕ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಸಂಗಾತಿಗಳು ಈ ತಿಂಗಳೇ ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಹೋಗ್ರಿ. ಇಸಿಜಿ ಯಂತ್ರ ನಡೀತದ ಏನು, ರಾತ್ರಿ ಅದನ್ನ ತೆಗೆಯೋರು ಇರ್ತಾರ ಏನು, ಇಂಜೆಕ್ಷನ್ ಸ್ಟಾಕ್ ಎಷ್ಟೈತಿ, ಬಿಪಿ-ಸಕ್ಕರೆ ಗುಳಿಗಿ ತಿಂಗಳಾ ಪೂರ್ತಿ ಕೊಡ್ತಾರ ಏನು, ಬರವಣಿಗೆಯಲ್ಲಿ ಕೇಳ್ರಿ. ಉತ್ತರ ಕೊಡದಿದ್ರ ಮಾಹಿತಿ ಹಕ್ಕಿನ ಅರ್ಜಿ ಹಾಕೋಣ, ನಮೂನೆ ನಾ ಬರೆದುಕೊಡ್ತೀನಿ. ಮುಂದಿನ ಏಪ್ರಿಲ್ 14ಕ್ಕೆ ಡಿಜೆ ಖರ್ಚಿನಾಗ ಸ್ವಲ್ಪ ಉಳಿಸಿ, ಪ್ರತಿ ಕೇರಿಗೆ ಒಂದು ಬಿಪಿ ಯಂತ್ರ ತರೂದು. 30 ದಾಟಿದವರೆಲ್ಲಾ ತೋಳು ಮುಂದ ಚಾಚ್ರಿ. ನೀಲಿ ಶಾಲು ಹಾಕಿದ ಮುಖಂಡರಿಂದಲೇ ಸುರುವಾಗಲಿ.